ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ 11: ಪೆನ್‌ಡ್ರೈವ್ ಬೂಟ್ ಆಗದಿದ್ದರೆ ಎಲ್ಲಿ ಹುಡುಕಬೇಕು

ಪೆನ್‌ಡ್ರೈವ್ ಹಾಕಿದಿರಿ, ಪವರ್ ಬಟನ್ ಒತ್ತಿದಿರಿ, ಎಫ್12 ಕೂಡ ಒತ್ತಿದಿರಿ. ಆದರೂ ಎದ್ದು ಬಂದದ್ದು ಅದೇ ಹಳೆ ವಿಂಡೋಸ್ 10. ಇಲ್ಲವೇ ಕಪ್ಪು ಪರದೆ. ಇಲ್ಲವೇ ಲೋಗೋ ಬಂದು ಅಲ್ಲೇ ನಿಂತಿದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಅದೇ ಐಎಸ್‌ಒ ಫೈಲನ್ನು (ವಿಂಡೋಸ್ ಸೆಟಪ್ ಪೂರ್ತಿ ಇರುವ ಒಂದೇ ಫೈಲ್) ಮತ್ತೆ ಅದೇ ರೀತಿ ಬರೆಯುವುದು. ಅರ್ಧ ಗಂಟೆ ಹೋಗುತ್ತದೆ. ಮತ್ತೆ ಅದೇ ಕಪ್ಪು ಪರದೆ.

ಮತ್ತೆ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಎಲ್ಲಿ ನಿಂತಿತು ಅಂತ ಸರಿಯಾಗಿ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆಯಿರಿ. ಬೂಟ್ ಮೆನುವಿನಲ್ಲಿ, ಅಂದರೆ ಯಾವುದರಿಂದ ಶುರು ಮಾಡಬೇಕು ಅಂತ ಕೇಳುವ ಪಟ್ಟಿಯಲ್ಲಿ, ಪೆನ್‌ಡ್ರೈವ್ ಹೆಸರೇ ಬರಲಿಲ್ಲವೇ? ಹೆಸರು ಬಂದು, ಒತ್ತಿದ ಮೇಲೆ ಕಪ್ಪಾಯಿತೇ? ಸೆಟಪ್ ತೆರೆದ ಮೇಲೆ 'ಈ ಪಿಸಿಯಲ್ಲಿ ಆಗುವುದಿಲ್ಲ' ಎಂದಿತೇ? ಒಂದೊಂದು ಜಾಗಕ್ಕೂ ಬೇರೆ ಬೇರೆ ಕಾರಣ ಇರುತ್ತದೆ, ಬೇರೆ ಬೇರೆ ಪರಿಹಾರ ಇರುತ್ತದೆ. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮದು ಎಲ್ಲಿ ನಿಂತಿದೆಯೋ ಅಲ್ಲಿಗೆ ನೇರವಾಗಿ ಹೋಗಬಹುದು, ಆದರೆ ಮೊದಲ ಎರಡು ಭಾಗ ಮಾತ್ರ ಎಲ್ಲರೂ ಓದಿ.

ಈ ಮಾತು ಈಗ ಯಾಕೆ ಅಂದರೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 (ಭದ್ರತೆಯ ಕೀಗಳನ್ನು ಕಾಪಾಡುವ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. 2014ರಲ್ಲಿ ಕೊಂಡ 4ನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದರೂ ಈ ಪಟ್ಟಿಯಲ್ಲಿಲ್ಲ. ಮಕ್ಕಳ ಓದಿಗೆ, ಅಂಗಡಿಯ ಬಿಲ್ಲಿಗೆ, ಟೈಪಿಂಗ್‌ಗೆ ಇಂಥ ಯಂತ್ರಗಳನ್ನೇ ನಂಬಿಕೊಂಡವರು ನಮ್ಮಲ್ಲಿ ಬಹಳ ಜನ. ಅದನ್ನು ಗುಜರಿಗೆ ಹಾಕುವ ಮುಂಚೆ ಒಂದು ಭಾನುವಾರ ಇದಕ್ಕೆ ಕೊಟ್ಟು ನೋಡಬಹುದು ಅಲ್ವಾ?

ಮೊದಲು ಯಂತ್ರವನ್ನೇ ನೋಡಿ

ದಾಟಬಹುದಾದ ಗೋಡೆ ಯಾವುದು, ದಾಟಲಾಗದ ಗೋಡೆ ಯಾವುದು ಅನ್ನುವುದು ಮೊದಲೇ ಗೊತ್ತಿರಬೇಕು. ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ, ಇವೆಲ್ಲ ಸೆಟಪ್ ಮಾಡುವ ತಪಾಸಣೆ ಅಷ್ಟೇ. ತಪಾಸಣೆಯನ್ನು ತೆಗೆದುಹಾಕಬಹುದು. ಆದರೆ 24ಎಚ್2 ಆವೃತ್ತಿಯಿಂದ ವಿಂಡೋಸ್ 11ರ ಕರ್ನಲ್ಲಿಗೇ, ಅಂದರೆ ಅದರ ತಿರುಳಿಗೇ, ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳು ಬೇಕು. ಇವು ಪ್ರೊಸೆಸರಿನ ಒಳಗೇ ಇರಬೇಕಾದವು. ಇಲ್ಲದಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ.

ಕೋರ್ 2 ಡ್ಯುಯೋ ಇರುವ ಯಂತ್ರಗಳಿಗೆ ಇವು ಇಲ್ಲ. ಇಂಟೆಲ್‌ನ ಮೊದಲ ತಲೆಮಾರಿನ ಕೋರ್ ಐ ಸರಣಿಯಿಂದ ಮುಂದಕ್ಕೆ ಇವೆ. ಸಿಪಿಯು-ಝಡ್ ಅನ್ನುವ ಚಿಕ್ಕ ಉಚಿತ ತಂತ್ರಾಂಶ ಹಾಕಿದರೆ ಎಸ್‌ಎಸ್‌ಇ 4.2 ಇದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಲ್ಲ ಅಂತ ಕಂಡರೆ ಇಡೀ ದಿನ ಪೆನ್‌ಡ್ರೈವ್ ಜೊತೆ ಗುದ್ದಾಡಬೇಡಿ. ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಬ್ರೌಸರ್, ಲಿಬ್ರೆಆಫೀಸ್, ಕನ್ನಡ ಟೈಪಿಂಗ್ ಎಲ್ಲ ಅದರಲ್ಲಿ ನಡೆಯುತ್ತದೆ.

ಎರಡನೆಯದಾಗಿ, ಟಿಪಿಎಂ ನಿಜವಾಗಿಯೂ ಇಲ್ಲವೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದು, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಜಾಗ) ಆಫ್ ಆಗಿರುತ್ತದೆ. ಇಂಟೆಲ್ ಯಂತ್ರದಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತದೆ. ಆನ್ ಮಾಡಿದರೆ ಅರ್ಧ ತಲೆನೋವು ಅಲ್ಲೇ ಕಡಿಮೆಯಾಗಬಹುದು.

ಮೂರನೆಯದು ಬ್ಯಾಕಪ್. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋಗಳು, ಇಷ್ಟು ಎಲ್ಲರಿಗೂ ನೆನಪಾಗುತ್ತದೆ. ಕನ್ನಡಿಗರು ಮರೆಯುವುದು ಫಾಂಟ್‌ಗಳನ್ನು. ನುಡಿ ಅಥವಾ ಬರಹದ ಹಳೆ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಕಡತದ ಜೊತೆಗೆ ಫಾಂಟ್ ಫೈಲುಗಳನ್ನೂ ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ವಕೀಲರ ಕಚೇರಿ, ಡಿಟಿಪಿ ಅಂಗಡಿ ಇದ್ದವರಂತೂ ಇದನ್ನು ಖಂಡಿತ ಮಾಡಿ.

ಮತ್ತೆ, ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೇ ಬಯೋಸ್‌ಗೆ ಕೈ ಹಾಕಿ. ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಿಸಿದ ಮರುಕ್ಷಣ ಅದು 48 ಅಂಕಿಯ ಕೀ ಕೇಳಬಹುದು. ಕೀ ಇಲ್ಲ ಅಂದರೆ ಡೇಟಾ ಇಲ್ಲ.

ಪೆನ್‌ಡ್ರೈವ್ ಮತ್ತು ಐಎಸ್‌ಒ

8 ಜಿಬಿ ಸಾಕು ಅಂತ ಎಲ್ಲ ಕಡೆ ಬರೆದಿರುತ್ತದೆ, ಸಾಕು ಕೂಡ. ನನ್ನ ಸಲಹೆ 16 ಅಥವಾ 32 ಜಿಬಿಯದು, ಒಳ್ಳೆಯ ಕಂಪನಿಯದು, ಬಿಲ್ ಸಮೇತ ಕೊಂಡದ್ದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ ರಸ್ತೆ ಬದಿಯಲ್ಲಿ ತುಂಬಾ ಕಡಿಮೆ ಬೆಲೆಗೆ 128 ಜಿಬಿ ಅಂತ ಬರೆದಿದ್ದ ಪೆನ್‌ಡ್ರೈವ್ ಕೊಂಡೆ. ಅದು ಕಂಪ್ಯೂಟರಿನಲ್ಲೂ 128 ಅಂತಲೇ ತೋರಿಸುತ್ತಿತ್ತು. ಐಎಸ್‌ಒ ಬರೆಯುವಾಗ ಒಂದು ತಪ್ಪೂ ಬರಲಿಲ್ಲ. ಸೆಟಪ್ ಪ್ರತಿ ಸಲವೂ ಫೈಲ್ ಕಾಪಿ ಮಾಡುವಾಗ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿತ್ತು. ಎರಡು ದಿನ ಲ್ಯಾಪ್‌ಟಾಪನ್ನೇ ಅನುಮಾನಿಸಿದೆ. ಕೊನೆಗೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪರೀಕ್ಷಾ ತಂತ್ರಾಂಶ ಓಡಿಸಿದಾಗ ಗೊತ್ತಾಯಿತು, ಒಳಗೆ ಇದ್ದದ್ದು 8 ಜಿಬಿಗಿಂತಲೂ ಕಡಿಮೆ. ಇಂಥ ನಕಲಿಗಳಲ್ಲಿ ಇರುವ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಸುಮ್ನೆ ಕಳೆದುಹೋಗುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅನುಮಾನ ಇದ್ದರೆ ಮೊದಲು ಅದನ್ನು ಪರೀಕ್ಷಿಸಿ. ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಬರೆಯುವ ರುಫಸ್ ಎಂಬ ಉಚಿತ ತಂತ್ರಾಂಶದಲ್ಲೂ ಕೆಟ್ಟ ಬ್ಲಾಕ್‌ಗಳನ್ನು ಹುಡುಕುವ ಆಯ್ಕೆ ಇದೆ, ಸಮಯ ತೆಗೆದುಕೊಳ್ಳುತ್ತದೆ, ಆದರೆ ಸತ್ಯ ಹೇಳುತ್ತದೆ.

ಐಎಸ್‌ಒ ಫೈಲನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಯಾರೋ ಟೆಲಿಗ್ರಾಂನಲ್ಲಿ ಹಾಕಿದ 'ಲೈಟ್' ಆವೃತ್ತಿ ಬೇಡ. ಅದರೊಳಗೆ ಏನು ಸೇರಿಸಿದ್ದಾರೆ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ, ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕ್ ತೆರೆಯುತ್ತೀರಿ. ಫೈಲ್ 5 ಜಿಬಿಗಿಂತ ದೊಡ್ಡದು, ಮೊಬೈಲ್ ಡೇಟಾದಲ್ಲಿ ಇಳಿಸುವವರಿಗೆ ನಡುವೆ ತುಂಡಾಗುವ ಸಂಭವ ಜಾಸ್ತಿ. ಡೌನ್‌ಲೋಡ್ ಪುಟದಲ್ಲೇ ಒಂದು ಉದ್ದನೆಯ ಶಾ-256 ಸಂಖ್ಯೆ ಕೊಟ್ಟಿರುತ್ತಾರೆ. ರುಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಪಕ್ಕದಲ್ಲಿರುವ ಟಿಕ್ ಗುರುತಿನ ಬಟನ್ ಒತ್ತಿದರೆ ನಿಮ್ಮ ಫೈಲಿನ ಸಂಖ್ಯೆ ಬರುತ್ತದೆ. ಎರಡೂ ಒಂದೇ ಇರಬೇಕು. ಒಂದು ಅಕ್ಷರ ಬೇರೆ ಇದ್ದರೂ ಮತ್ತೆ ಇಳಿಸಿ.

ಈಗ ಬರೆಯುವುದು. ಹಳೆ ಯಂತ್ರಕ್ಕೆ ನಾನು ರುಫಸ್ ಬಳಸುತ್ತೇನೆ. ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ ಕೂತು ಪೆನ್‌ಡ್ರೈವ್ ಮಾಡುತ್ತಿದ್ದರೆ ರುಫಸ್ 3.22 ಬೇಕು, 4ರಿಂದ ಮುಂದಿನವು ಅಲ್ಲಿ ಓಡುವುದಿಲ್ಲ. ಎಚರ್‌ನಂಥ ತಂತ್ರಾಂಶಗಳು ಲಿನಕ್ಸ್‌ಗೆ ಚೆನ್ನ, ವಿಂಡೋಸ್ ಐಎಸ್‌ಒಗೆ ಸರಿಹೋಗುವುದಿಲ್ಲ.

ರುಫಸ್‌ನಲ್ಲಿ ಗಮನ ಕೊಡಬೇಕಾದ ಜಾಗ ಪಾರ್ಟಿಷನ್ ಸ್ಕೀಮ್, ಅಂದರೆ ಡಿಸ್ಕನ್ನು ಭಾಗ ಮಾಡುವ ರೀತಿ. ಯಂತ್ರ ಯುಇಎಫ್‌ಐನದಾದರೆ (ಬಯೋಸ್‌ನ ಹೊಸ ರೂಪ) ಜಿಪಿಟಿ. ಹಳೆ ಬಯೋಸ್ ಮಾತ್ರ ಇರುವುದಾದರೆ ಎಂಬಿಆರ್. ಯಾವುದು ಅಂತ ತಿಳಿಯಲು ಈಗಿರುವ ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎಂಎಸ್‌ಇನ್ಫೋ32 (msinfo32) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಬಯೋಸ್ ಮೋಡ್ ಎಂಬ ಸಾಲು ನೋಡಿ. ಯುಇಎಫ್‌ಐ ಅಥವಾ ಲೆಗಸಿ ಅಂತ ಇರುತ್ತದೆ. ಲೆಗಸಿ ಅಂತ ಇದ್ದರೆ ಅವಸರ ಬೇಡ, ಬಯೋಸ್ ಒಳಗೆ ಹೋಗಿ ಯುಇಎಫ್‌ಐ ಆಯ್ಕೆ ಇದೆಯೇ ನೋಡಿ. ಇದ್ದೂ ಬಳಸದೇ ಇರುವ ಯಂತ್ರಗಳು ಎಷ್ಟೋ ಇವೆ.

ಸ್ಟಾರ್ಟ್ ಒತ್ತಿದಾಗ ರುಫಸ್ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. 4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕೆಂಬ ನಿಯಮ ತೆಗೆಯುವ ಆಯ್ಕೆ ಅಲ್ಲೇ ಇದೆ. ಅದಕ್ಕೆ ಟಿಕ್ ಹಾಕಿ. ಆನ್‌ಲೈನ್ ಖಾತೆ ಬೇಡ ಅನ್ನುವುದಕ್ಕೂ, ಲೋಕಲ್ ಖಾತೆ ಮಾಡುವುದಕ್ಕೂ ಟಿಕ್ ಹಾಕಿದರೆ ಮುಂದೆ ಉಪಕಾರವಾಗುತ್ತದೆ. ಕಿಟಕಿ ನೋಡದೆ ಓಕೆ ಒತ್ತಿದವರೇ ಆಮೇಲೆ 'ಈ ಪಿಸಿಗೆ ಆಗುವುದಿಲ್ಲ' ಎಂಬ ಸಂದೇಶ ನೋಡುವವರು.

ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲ

ಮೊದಲು ಸರಿಯಾದ ಕೀ ಒತ್ತುತ್ತಿದ್ದೀರಾ ನೋಡಿ. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಅಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ಕೆಲವು ಲೆನೊವೊಗಳಲ್ಲಿ ಪಕ್ಕದಲ್ಲಿ ಚಿಕ್ಕ ನೋವೊ ಬಟನ್ ಇರುತ್ತದೆ, ಪಿನ್ ಹಾಕಿ ಒತ್ತಬೇಕು. ಏಸರ್‌ಗೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಬಯೋಸ್ ಒಳಗೆ ಹೋಗಿ ಎಫ್12 ಬೂಟ್ ಮೆನುವನ್ನು ಮೊದಲು ಆನ್ ಮಾಡದಿದ್ದರೆ ಅದು ಬರುವುದೇ ಇಲ್ಲ.

ಕೀ ಸರಿ ಇದ್ದೂ ಮೆನು ಬರದಿದ್ದರೆ ಕಾರಣ ಫಾಸ್ಟ್ ಸ್ಟಾರ್ಟಪ್ ಇರಬಹುದು. ವಿಂಡೋಸ್ 10ರಲ್ಲಿ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಆದ್ದರಿಂದ ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ ಕೀ ಒತ್ತಿ. ಇದಕ್ಕಿಂತ ಸುಲಭದ್ದು ಒಂದಿದೆ: ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ, ಪೆನ್‌ಡ್ರೈವ್ ಅಲ್ಲೇ ಕಾಣುತ್ತದೆ. ಯುಇಎಫ್‌ಐ ಯಂತ್ರಕ್ಕೆ ಮಾತ್ರ ಇದು.

ಮೆನು ಬಂದಿದೆ, ಅದರಲ್ಲಿ ಪೆನ್‌ಡ್ರೈವ್ ಮಾತ್ರ ಇಲ್ಲ. ಹಾಗಾದರೆ ಪೋರ್ಟ್ ಬದಲಿಸಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಿಂದ ಕಪ್ಪು ಬಣ್ಣದ ಯುಎಸ್‌ಬಿ 2ಕ್ಕೆ ಹಾಕಿ. ಹಳೆ ಯಂತ್ರಗಳ ಬಯೋಸ್ ಕೆಲವೊಮ್ಮೆ ಯುಎಸ್‌ಬಿ 3 ಪೋರ್ಟನ್ನು ಬೂಟ್ ಹೊತ್ತಿನಲ್ಲಿ ನೋಡುವುದೇ ಇಲ್ಲ. ಹಬ್ ಬೇಡ, ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬೇಡ, ಹಿಂದೆ ಮದರ್‌ಬೋರ್ಡಿಗೇ ನೇರ ಇರುವ ಪೋರ್ಟಿಗೆ ಹಾಕಿ. ಆಮೇಲೆ ಬಯೋಸ್‌ನಲ್ಲಿ ಯುಎಸ್‌ಬಿ ಬೂಟ್ ಆನ್ ಇದೆಯೇ ನೋಡಿ.

ಅದೂ ಆಗಲಿಲ್ಲ ಅಂದರೆ ಪೆನ್‌ಡ್ರೈವಿನ ಪಾರ್ಟಿಷನ್ ಸ್ಕೀಮ್ ತಪ್ಪಿದೆ. ಜಿಪಿಟಿಯಲ್ಲಿ ಮಾಡಿದ ಪೆನ್‌ಡ್ರೈವ್ ಲೆಗಸಿ ಮಾತ್ರ ಆನ್ ಇರುವ ಯಂತ್ರಕ್ಕೆ ಕಾಣುವುದಿಲ್ಲ, ಬಯೋಸ್‌ಗೆಂದು ಮಾಡಿದ ಎಂಬಿಆರ್ ಪೆನ್‌ಡ್ರೈವ್ ಯುಇಎಫ್‌ಐ ಮಾತ್ರ ಆನ್ ಇರುವ ಯಂತ್ರಕ್ಕೆ ಕಾಣುವುದಿಲ್ಲ. ಪೆನ್‌ಡ್ರೈವ್ ಮತ್ತೆ ಬರೆಯಬೇಕಾದ ಸರಿಯಾದ ಸಂದರ್ಭ ಇದು.

ಇನ್ನೊಂದು ವಿಷಯ. ಬಯೋಸ್‌ನಲ್ಲಿ ಬದಲಾಯಿಸಿ ಸೇವ್ ಮಾಡಿದ್ದು ಮರುದಿನ ಮತ್ತೆ ಮೊದಲಿನಂತೆ ಆಗಿದ್ದರೆ, ಗಡಿಯಾರ ಕೂಡ ಹಳೆ ವರ್ಷ ತೋರಿಸುತ್ತಿದ್ದರೆ, ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹೆಸರು ಇದೆ, ಒತ್ತಿದರೆ ಕಪ್ಪು ಪರದೆ ಅಥವಾ ಮತ್ತೆ ಅದೇ ಮೆನು

ಇದು ಹಳೆ ಯಂತ್ರಗಳಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ತೊಂದರೆ, ಕಾರಣ ತಿಳಿದರೆ ಬಿಡಿಸುವುದು ಕಷ್ಟವಲ್ಲ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿಗಳಲ್ಲಿ ಫ್ಯಾಟ್32, ಎನ್‌ಟಿಎಫ್‌ಎಸ್ ಎರಡು; ಯುಇಎಫ್‌ಐಗೆ ಓದಲು ಖಂಡಿತವಾಗಿ ಬರುವುದು ಫ್ಯಾಟ್32. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಇಡುವಂತಿಲ್ಲ. ವಿಂಡೋಸ್ 11 ಐಎಸ್‌ಒ ಒಳಗಿನ ಇನ್‌ಸ್ಟಾಲ್.ವಿಮ್ ಎಂಬ ಫೈಲ್ 4 ಜಿಬಿ ದಾಟಿದೆ. ಹೀಗಾಗಿ ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ ಕೈಯಲ್ಲಿ ಕಾಪಿ ಮಾಡಲು ಹೋದರೆ 'ಫೈಲ್ ತುಂಬಾ ದೊಡ್ಡದು' ಅನ್ನುತ್ತದೆ, ಎನ್‌ಟಿಎಫ್‌ಎಸ್ ಮಾಡಿದರೆ ಬಹಳಷ್ಟು ಯಂತ್ರಗಳು ಬೂಟ್ ಆಗುವುದಿಲ್ಲ.

ರುಫಸ್ ಇದಕ್ಕೊಂದು ದಾರಿ ಮಾಡಿದೆ. ಪೆನ್‌ಡ್ರೈವಿನ ದೊಡ್ಡ ಭಾಗವನ್ನು ಎನ್‌ಟಿಎಫ್‌ಎಸ್ ಮಾಡಿ, ಕೊನೆಯಲ್ಲಿ ಯುಇಎಫ್‌ಐ:ಎನ್‌ಟಿಎಫ್‌ಎಸ್ ಎಂಬ ಪುಟ್ಟ ಭಾಗ ಇಡುತ್ತದೆ. ಯಂತ್ರ ಮೊದಲು ಆ ಪುಟ್ಟ ಭಾಗವನ್ನು ಓದಿ, ಅಲ್ಲಿಂದ ದೊಡ್ಡ ಭಾಗಕ್ಕೆ ದಾಟುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಹೆಸರಿನಲ್ಲಿ, ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಕಂಡರೆ ಕಾರಣ ಇದೇ. ಆಗ ಪಾರ್ಟಿಷನ್ 2 ಆರಿಸಿ ನೋಡಿ. ಒಂದು ಯುಇಎಫ್‌ಐ ಅಂತ, ಇನ್ನೊಂದು ಬರೀ ಕಂಪನಿಯ ಹೆಸರು ಮಾತ್ರ ಇದ್ದರೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ.

ಇನ್ನೂ ಕಪ್ಪಾಗಿಯೇ ಇದ್ದರೆ ಸೆಕ್ಯೂರ್ ಬೂಟ್ ಅನ್ನು ಸ್ವಲ್ಪ ಹೊತ್ತಿಗೆ ಆಫ್ ಮಾಡಿ. 'ಸೆಕ್ಯೂರಿಟಿ ವಯೊಲೇಶನ್' ಅಂತ ಕೆಂಪು ಚೌಕ ಬಂದರೂ ಇದೇ ಕೆಲಸ. ಬರೆದ ರುಫಸ್ ತುಂಬಾ ಹಳೆಯದಾಗಿದ್ದರೆ ಹೊಸದು ಇಳಿಸಿಕೊಳ್ಳಿ, ಹಳೆಯದರಲ್ಲಿದ್ದ ಆ ಪುಟ್ಟ ಭಾಗಕ್ಕೆ ಸೆಕ್ಯೂರ್ ಬೂಟ್ ಸಹಿ ಇರಲಿಲ್ಲ. ಏಸರ್‌ನಲ್ಲಿ ಸೆಕ್ಯೂರ್ ಬೂಟ್ ಆಯ್ಕೆ ಬೂದು ಬಣ್ಣದಲ್ಲಿ ಮುಟ್ಟಲಾಗದಂತೆ ಇದ್ದರೆ ಬಯೋಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆ ಅದು ತೆರೆಯುತ್ತದೆ. ಆ ಪಾಸ್‌ವರ್ಡ್ ಮರೆಯಬೇಡಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಎಚ್‌ಪಿಯಲ್ಲಿ ಆಫ್ ಮಾಡಿದ ನಂತರ ರೀಸ್ಟಾರ್ಟ್ ಆದಾಗ ನಾಲ್ಕು ಅಂಕಿ ತೋರಿಸಿ ಟೈಪ್ ಮಾಡು ಅನ್ನುತ್ತದೆ. ಮಾಡದೇ ಬಿಟ್ಟರೆ ಬದಲಾವಣೆ ಉಳಿಯುವುದಿಲ್ಲ, ನಂಬರ್ ಪ್ಯಾಡ್ ಕೆಲಸ ಮಾಡದಿದ್ದರೆ ಮೇಲಿನ ಸಾಲಿನ ಅಂಕಿ ಬಳಸಿ.

ಎಲ್ಲ ಮಾಡಿದರೂ ಕೆಲವು ಹಳೆ ಯುಇಎಫ್‌ಐಗಳು ಎನ್‌ಟಿಎಫ್‌ಎಸ್ ಪೆನ್‌ಡ್ರೈವಿಗೆ ಒಗ್ಗುವುದಿಲ್ಲ. ಆಗ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ. ಅದು ಒಳಗಿನ ಫೈಲನ್ನು ಇನ್ನೂ ಒತ್ತಿ ಚಿಕ್ಕದು ಮಾಡಿ ಫ್ಯಾಟ್32ನಲ್ಲೇ ಕೂರಿಸುತ್ತದೆ, ಹಾಗಾಗಿ ಹಠ ಮಾಡುವ ಯಂತ್ರವೂ ಬೂಟ್ ಆಗುವ ಸಾಧ್ಯತೆ ಜಾಸ್ತಿ. ಆದರೆ ಅದರಲ್ಲಿ ಟಿಪಿಎಂ ತಪಾಸಣೆ ಹಾಗೇ ಉಳಿಯುತ್ತದೆ. ಅದನ್ನು ದಾಟುವ ದಾರಿ ಕೆಳಗೆ ಹೇಳುತ್ತೇನೆ.

2013-14ರ ಹೊತ್ತಿಗೆ ಬಂದ ಆಟಂ ಪ್ರೊಸೆಸರಿನ ಅಗ್ಗದ ಟ್ಯಾಬ್ಲೆಟ್-ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ಪ್ರೊಸೆಸರ್ 64 ಬಿಟ್, ಆದರೆ ಯುಇಎಫ್‌ಐ 32 ಬಿಟ್. ವಿಂಡೋಸ್ 11 ಬರೀ 64 ಬಿಟ್‌ನದು, ಅಂಥದ್ದರಲ್ಲಿ ಬೂಟ್ ಆಗುವುದಿಲ್ಲ. ಆದರೆ ಡೆಬಿಯನ್ ಲಿನಕ್ಸ್ ಈ ಬೆರಕೆಯನ್ನು ಬಹಳ ವರ್ಷಗಳಿಂದ ಒಪ್ಪಿಕೊಂಡಿದೆ.

ಲೋಗೋ ಬಂತು, ಅಲ್ಲೇ ನಿಂತಿತು

ಲೋಗೋ ಬಂದು ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಹೇಳಿದ ಪಾಪ್‌ಕೌಂಟ್ ವಿಚಾರ ಮತ್ತೆ ನೋಡಿ. ರೀಸ್ಟಾರ್ಟ್ ಆಗದೆ ಸುಮ್ನೆ ನಿಂತಿದ್ದರೆ ಇಪ್ಪತ್ತು ನಿಮಿಷ ಕಾಯಿರಿ, ಯುಎಸ್‌ಬಿ 2 ಪೋರ್ಟಿನಲ್ಲಿ ಹಳೆ ಪೆನ್‌ಡ್ರೈವ್ ನಿಜವಾಗಿಯೂ ನಿಧಾನ. ಆಮೇಲೂ ಕದಲದಿದ್ದರೆ ಮೌಸ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್, ಎಸ್‌ಡಿ ಕಾರ್ಡ್ ಎಲ್ಲ ತೆಗೆದು ಪೆನ್‌ಡ್ರೈವ್ ಒಂದನ್ನೇ ಬಿಟ್ಟು ನೋಡಿ. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು ನೋಡಿ.

'ಈ ಪಿಸಿಯಲ್ಲಿ ವಿಂಡೋಸ್ 11 ಓಡುವುದಿಲ್ಲ'

ಈ ಸಂದೇಶ ಬಂದರೆ ಸಂತೋಷಪಡಿ. ಪೆನ್‌ಡ್ರೈವ್ ಸರಿ ಇದೆ, ಬೂಟ್ ಸರಿ ಇದೆ, ಉಳಿದಿರುವುದು ತಪಾಸಣೆ ಮಾತ್ರ. ರೀಸ್ಟಾರ್ಟ್ ಮಾಡಿ ಮತ್ತೆ ಸೆಟಪ್‌ನ ಮೊದಲ ಪರದೆಗೆ, ಭಾಷೆ ಆರಿಸುವ ಜಾಗಕ್ಕೆ ಬನ್ನಿ. ಅಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಕೂಡ ಜೊತೆಗೆ ಒತ್ತಬೇಕು. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ರೆಜ್‌ಎಡಿಟ್ (regedit) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ.

ಎಡಗಡೆ ಎಚ್‌ಕೀ ಲೋಕಲ್ ಮೆಷಿನ್, ಅದರೊಳಗೆ ಸಿಸ್ಟಮ್, ಅದರೊಳಗೆ ಸೆಟಪ್. ಸೆಟಪ್ ಮೇಲೆ ಬಲ ಕ್ಲಿಕ್ ಮಾಡಿ ಲ್ಯಾಬ್‌ಕಾನ್ಫಿಗ್ (LabConfig) ಎಂಬ ಹೊಸ ಕೀ ಮಾಡಿ. ಅದರೊಳಗೆ ಮೂರು ಹೊಸ ಡಿವರ್ಡ್ (DWORD) ಬೆಲೆಗಳು, 32 ಬಿಟ್‌ನವು: ಬೈಪಾಸ್‌ಟಿಪಿಎಂಚೆಕ್, ಬೈಪಾಸ್‌ಸೆಕ್ಯೂರ್‌ಬೂಟ್‌ಚೆಕ್, ಬೈಪಾಸ್‌ರ‍್ಯಾಮ್‌ಚೆಕ್. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ (BypassTPMCheck, BypassSecureBootCheck, BypassRAMCheck). ಮೂರಕ್ಕೂ ಬೆಲೆ 1 ಕೊಡಿ. ಕಿಟಕಿಗಳನ್ನು ಮುಚ್ಚಿ, ರೀಸ್ಟಾರ್ಟ್ ಮಾಡದೆ ಮುಂದುವರಿಯಿರಿ. ರೀಸ್ಟಾರ್ಟ್ ಮಾಡಿದರೆ ಬರೆದದ್ದು ಅಳಿಸಿಹೋಗುತ್ತದೆ, ಯಾಕೆಂದರೆ ಅದೆಲ್ಲ ರ‍್ಯಾಮ್‌ನಲ್ಲಿರುವುದು. ಇನ್ನೂ ತಡೆಯುತ್ತಿದ್ದರೆ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ನೋಡಿ, ಬಹುಪಾಲು ಅದೇ ಇರುತ್ತದೆ.

ಡ್ರೈವರ್ ಇಲ್ಲ ಅನ್ನುತ್ತದೆ, ಅಥವಾ ಹಾರ್ಡ್‌ಡಿಸ್ಕ್ ಕಾಣುವುದಿಲ್ಲ

'ನಿಮ್ಮ ಕಂಪ್ಯೂಟರಿಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ' ಅಂತ ಬಂದ ಕೂಡಲೇ ಡ್ರೈವರ್ ಹುಡುಕಲು ಹೋಗಬೇಡಿ. ಸೆಟಪ್‌ಗೆ ತನ್ನದೇ ಪೆನ್‌ಡ್ರೈವ್ ಕಾಣದೆ ಹೋದಾಗಲೂ ಈ ಮಾತು ಬರುತ್ತದೆ. ಕ್ಯಾನ್ಸಲ್ ಮಾಡಿ, 'ಇನ್‌ಸ್ಟಾಲ್' ಬಟನ್ ಇರುವ ಪರದೆಗೆ ಹಿಂದಿರುಗಿ, ಪೆನ್‌ಡ್ರೈವ್ ತೆಗೆದು ಬೇರೆ ಪೋರ್ಟಿಗೆ ಹಾಕಿ, ಐದು ಸೆಕೆಂಡ್ ಬಿಟ್ಟು ಇನ್‌ಸ್ಟಾಲ್ ಒತ್ತಿ. ನಂಬಲು ಕಷ್ಟ, ಆದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಡಿಸ್ಕ್ ಪಟ್ಟಿ ಖಾಲಿ ಇದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕಿನ ಜೊತೆ ಮಾತಾಡುವ ರೀತಿ) ನೋಡಿ. ರೇಡ್ ಅಂತ ಇದ್ದರೆ ಎಎಚ್‌ಸಿಐ ಮಾಡಿ. ಎಚ್ಚರಿಕೆ: ಹೀಗೆ ಬದಲಿಸಿದ ಮೇಲೆ ಒಳಗಿರುವ ಹಳೆ ವಿಂಡೋಸ್ ತೆರೆಯದೆ ನೀಲಿ ಪರದೆ ಬರಬಹುದು. ಎಲ್ಲ ಅಳಿಸಿ ಹೊಸದಾಗಿ ಹಾಕುವವರಿಗೆ ಅದರಿಂದ ತೊಂದರೆಯಿಲ್ಲ. ಬಯೋಸ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಅದು ಪೆನ್‌ಡ್ರೈವಿನ ತೊಂದರೆಯಲ್ಲ, ಡಿಸ್ಕ್ ಅಥವಾ ಅದರ ಕೇಬಲ್ ಹೋಗಿದೆ.

ಡಿಸ್ಕ್ ಇದೆ, 'ಇದಕ್ಕೆ ಹಾಕಲಾಗದು' ಅನ್ನುತ್ತದೆ

ಪರದೆಯ ಕೆಳಗೆ ಬರುವ ಸಾಲನ್ನು ಓದಿ. ಡಿಸ್ಕ್ ಎಂಬಿಆರ್ ಇದೆ, ಇಎಫ್‌ಐ ಯಂತ್ರಕ್ಕೆ ಜಿಪಿಟಿ ಬೇಕು ಅಂತ ಇದ್ದರೆ ಪೆನ್‌ಡ್ರೈವ್ ಯುಇಎಫ್‌ಐನಲ್ಲಿ ಬೂಟ್ ಆಗಿದೆ, ಡಿಸ್ಕ್ ಮಾತ್ರ ಲೆಗಸಿ ಕಾಲದ್ದು. ಇದರ ತಿರುಗುಮುರುಗು ಸಂದೇಶವೂ ಬರುತ್ತದೆ.

ಬ್ಯಾಕಪ್ ಪೂರ್ತಿ ಆಗಿದೆಯಾ? ಆಗಿದ್ದರೆ ಶಿಫ್ಟ್ ಎಫ್10 ಒತ್ತಿ, ಡಿಸ್ಕ್‌ಪಾರ್ಟ್ (diskpart) ಅಂತ ಟೈಪ್ ಮಾಡಿ ತೆರೆಯಿರಿ. ಲಿಸ್ಟ್ ಡಿಸ್ಕ್ ಕೊಟ್ಟರೆ ಎಲ್ಲ ಡಿಸ್ಕ್‌ಗಳು ಸಂಖ್ಯೆ ಮತ್ತು ಗಾತ್ರದ ಸಮೇತ ಬರುತ್ತವೆ. ಗಾತ್ರ ನೋಡಿ ಯಾವುದು ನಿಮ್ಮ ಹಾರ್ಡ್‌ಡಿಸ್ಕ್, ಯಾವುದು ಪೆನ್‌ಡ್ರೈವ್ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ. ಸೆಲೆಕ್ಟ್ ಡಿಸ್ಕ್ ಎಂದು ಆ ಸಂಖ್ಯೆ ಕೊಡಿ, ನಂತರ ಕ್ಲೀನ್, ನಂತರ ಕನ್ವರ್ಟ್ ಜಿಪಿಟಿ. ಕ್ಲೀನ್ ಒತ್ತಿದ ಮೇಲೆ ಇಡೀ ಡಿಸ್ಕ್ ಖಾಲಿ, ಸಿ ಮಾತ್ರ ಅಲ್ಲ, ಡಿ ಮತ್ತು ಇ ಕೂಡ. ಎರಡು ಹಾರ್ಡ್‌ಡಿಸ್ಕ್ ಇದ್ದರೆ ಡೇಟಾ ಇರುವುದರ ಕೇಬಲ್ ಬಿಚ್ಚಿಟ್ಟು ಕೂರುವುದು ನನ್ನ ಅಭ್ಯಾಸ. ಡೇಟಾ ಉಳಿಸಿಕೊಂಡೇ ಬದಲಿಸಬೇಕು ಅನ್ನುವವರಿಗೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಉಪಕರಣ ಇದೆ, ಅದಕ್ಕೂ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ.

ಕಾಪಿ ಆಗುತ್ತಾ ನಡುವೆ ನಿಲ್ಲುತ್ತದೆ

0x80070570 ಅಂತ ಬಂದರೆ ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ ಅಂತ ಅರ್ಥ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಐಎಸ್‌ಒ ಅಥವಾ ಪೆನ್‌ಡ್ರೈವ್ ಮೇಲೆ ಮೊದಲ ಅನುಮಾನ. ಶಾ-256 ಮತ್ತೆ ಹೋಲಿಸಿ, ಬೇರೆ ಪೆನ್‌ಡ್ರೈವ್ ಹಾಕಿ. ಬೇರೆ ಬೇರೆ ಜಾಗದಲ್ಲಿ ನಿಂತರೆ ನಕಲಿ ಪೆನ್‌ಡ್ರೈವ್ ಅಥವಾ ರ‍್ಯಾಮ್. ರ‍್ಯಾಮ್‌ಗೆ ಮೆಮ್‌ಟೆಸ್ಟ್86+ ಅನ್ನು ಇನ್ನೊಂದು ಪೆನ್‌ಡ್ರೈವಿಗೆ ಬರೆದು ಕನಿಷ್ಠ ಒಂದು ಸುತ್ತು ಪೂರ್ತಿ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ಬದಲಿಸಬೇಕು. ಎರಡೂ ಸರಿ ಇದ್ದರೆ ಹಳೆ ಹಾರ್ಡ್‌ಡಿಸ್ಕ್. ಹಾಗೆ ನೋಡಿದರೆ, ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ವಿಂಡೋಸ್ 11 ಹಾಕಿ ಯಾರೂ ನೆಮ್ಮದಿಯಿಂದ ಇಲ್ಲ. ದುಡ್ಡು ಹಾಕುವುದಾದರೆ ಮೊದಲು ಒಂದು ಸಾಟಾ ಎಸ್‌ಎಸ್‌ಡಿಗೆ ಹಾಕಿ, ಆಮೇಲೆ ರ‍್ಯಾಮ್ 8 ಜಿಬಿ ಮಾಡಿ.

ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲಿನಿಂದ ಶುರು

ಫೈಲುಗಳೆಲ್ಲ ಕಾಪಿ ಆಗಿ ಮೊದಲ ಸಲ ರೀಸ್ಟಾರ್ಟ್ ಆಗುವಾಗ ಯಂತ್ರ ಮತ್ತೆ ಪೆನ್‌ಡ್ರೈವಿನಿಂದಲೇ ಎದ್ದರೆ ಭಾಷೆ ಆರಿಸುವ ಪರದೆ ಮತ್ತೆ ಬರುತ್ತದೆ. ಕೆಲಸ ಕೆಟ್ಟಿತು ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಪವರ್ ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು, ಆನ್ ಮಾಡಿ. ಮುಂದಿನ ಹಂತ ಡಿಸ್ಕಿನಿಂದಲೇ ನಡೆಯುತ್ತದೆ.

ಕೊನೆಯ ಪರದೆಗಳಲ್ಲಿ ಇಂಟರ್ನೆಟ್ ಕೇಳುತ್ತದೆ, ಹಳೆ ವೈಫೈ ಕಾರ್ಡಿಗೆ ಡ್ರೈವರ್ ಇರುವುದಿಲ್ಲ. ರುಫಸ್‌ನಲ್ಲಿ ಲೋಕಲ್ ಖಾತೆಗೆ ಟಿಕ್ ಹಾಕಿದ್ದರೆ ನೆಟ್ ಇಲ್ಲದೆಯೇ ಮುಂದೆ ಹೋಗಬಹುದು. ಹಾಕಿರದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೆಯೇ ನೆಟ್ ಬರುತ್ತದೆ. ಡೆಸ್ಕ್‌ಟಾಪ್ ಬಂದ ಮೇಲೆ ಟೆದರಿಂಗ್ ಹಾಗೇ ಇಟ್ಟು ಒಮ್ಮೆ ವಿಂಡೋಸ್ ಅಪ್‌ಡೇಟ್ ಓಡಿಸಿ, ವೈಫೈ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳು ಬಹುಪಾಲು ಅಲ್ಲೇ ಸಿಗುತ್ತವೆ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದವರು ಈಗ ಮತ್ತೆ ಆನ್ ಮಾಡಿ.

ಒಂದು ವಿಚಾರ ಮುಚ್ಚಿಡದೆ ಹೇಳಬೇಕು. ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ತಿಂಗಳ ಸುರಕ್ಷಾ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತಿವೆ, ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಅದಕ್ಕೆ ಹೊಸ ಐಎಸ್‌ಒ ಇಳಿಸಿ, ರುಫಸ್ 4.6 ಅಥವಾ ಅದಕ್ಕಿಂತ ಹೊಸದರಲ್ಲಿ ಇದೇ ಟಿಕ್ ಹಾಕಿ ಪೆನ್‌ಡ್ರೈವ್ ಮಾಡಿ. ಈ ಸಲ ಅದರಿಂದ ಬೂಟ್ ಮಾಡುವುದು ಬೇಡ, ವಿಂಡೋಸ್ ಒಳಗಿನಿಂದಲೇ ಪೆನ್‌ಡ್ರೈವ್ ತೆರೆದು ಸೆಟಪ್ ಓಡಿಸಿದರೆ ಫೈಲುಗಳು, ತಂತ್ರಾಂಶಗಳು ಇದ್ದಂತೆಯೇ ಉಳಿದು ಆವೃತ್ತಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಕೆಲಸ ಮುಗಿಯಿತು ಅಂತ ಇವತ್ತಿನ ಪೆನ್‌ಡ್ರೈವನ್ನು ಹಾಡು ತುಂಬಿಸಲು ಕೊಡಬೇಡಿ. ಲ್ಯಾಪ್‌ಟಾಪ್ ಬೂಟ್ ಆಗದ ದಿನ ರಿಪೇರಿಗೂ ಅದೇ ಬೇಕು. ಒಂದು ಚೀಟಿ ಅಂಟಿಸಿ, ಅದರ ಮೇಲೆ ಆವೃತ್ತಿ, ಜಿಪಿಟಿಯೋ ಎಂಬಿಆರೋ, ಯಾವ ಪೋರ್ಟಿನಲ್ಲಿ ಬೂಟ್ ಆಯಿತು, ಯಾವ ಕೀ ಒತ್ತಿದಿರಿ, ಇಷ್ಟು ಬರೆದು ಬ್ಯಾಗಿನಲ್ಲಿಡಿ.